ಎದುರಾಳಿ ಕಂಪನಿಯದ್ದರಂಥದ್ದೇ ಸಾಫ್ಟ್‌ವೇರ್ ನಾವೂ ಮಾಡ್ತಿದ್ದೇವೆ. ಅವರ ಪೇಟೆಂಟ್ ಅಡ್ಡ ಬರುತ್ತಾ?

ಟೋಕನ್_ಮಂಡ್ಯ

ಎಲ್ಲರಿಗೂ ನಮಸ್ಕಾರ. ಕ್ಲಿನಿಕ್‌ಗಳಿಗೆ ಟೋಕನ್ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡ ನಮ್ಮದು. ರೋಗಿ ಫೋನಿನಲ್ಲೇ ಟೋಕನ್ ತಗೋತಾರೆ. ಡಾಕ್ಟರು ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡ್ತಾರೆ ಅನ್ನೋ ಹಳೇ ದಾಖಲೆಯಿಂದ ಕಾಯುವ ಸಮಯ ಲೆಕ್ಕ ಹಾಕಿ, ಸರದಿ ಹತ್ತಿರ ಬಂದಾಗ ಎಸ್ಸೆಮ್ಮೆಸ್ ಕಳಿಸ್ತೀವಿ. ತಡವಾಗಿ ಬರೋರನ್ನ ರಿಸೆಪ್ಷನ್‌ನಲ್ಲಿ ಕೂತವರು ಕೈಯಾರೆ ಹಿಂದಕ್ಕೆ ಹಾಕ್ತಾರೆ. ಮುಂದಿನ ಆವೃತ್ತಿಯಲ್ಲಿ ರೋಗಿಯ ಲೊಕೇಶನ್ ನೋಡಿ ಸರದಿ ತಾನಾಗೇ ಬದಲಾಗುವ ಹಾಗೆ ಮಾಡೋ ಯೋಚನೆ ಇದೆ.

ಇದೇ ಕೆಲಸ ಮಾಡುವ ಒಂದು ಅಮೆರಿಕದ ಕಂಪನಿ ಇದೆ, ಹೆಸರು ಬೇಡ. ಅವರ ವೆಬ್‌ಸೈಟಿನಲ್ಲಿ ಪೇಟೆಂಟ್ ನಂಬರುಗಳ ಪುಟವೊಂದಿದೆ. ಅದರಲ್ಲಿ ಒಂದರ ಕ್ಲೇಮ್ 1 (ಯಾವುದರ ಮೇಲೆ ಹಕ್ಕು ಅಂತ ಹೇಳುವ ಮೊದಲ ಕಲಮು) ನಮಗೆ ಅರ್ಥವಾದಷ್ಟು ಹೀಗಿದೆ:

(ಅ) ರೋಗಿಯ ಮೊಬೈಲಿನಿಂದ ಸ್ಥಳದ ಮಾಹಿತಿ ಪಡೆಯುವುದು;
(ಆ) ಆ ಸ್ಥಳದಿಂದ ಕ್ಲಿನಿಕ್ಕಿಗೆ ಬರಲು ಹಿಡಿಯುವ ಪ್ರಯಾಣದ ಸಮಯ ಲೆಕ್ಕ ಹಾಕುವುದು;
(ಇ) ವೈದ್ಯರ ಹಿಂದಿನ ತಪಾಸಣೆಗಳ ಅವಧಿಯಿಂದ ಕಾಯುವ ಸಮಯ ಅಂದಾಜು ಮಾಡುವುದು;
(ಈ) ಪ್ರಯಾಣದ ಸಮಯ ಕಾಯುವ ಸಮಯಕ್ಕಿಂತ ಹೆಚ್ಚಿದ್ದರೆ ಸರದಿಯಲ್ಲಿ ರೋಗಿಯ ಸ್ಥಾನವನ್ನು ತಾನಾಗಿಯೇ ಹಿಂದಕ್ಕೆ ಸರಿಸುವುದು;
(ಉ) ಹೊಸ ಸಮಯವನ್ನು ಮೊಬೈಲಿಗೆ ಕಳಿಸುವುದು.

ಕೋಡ್ ಪೂರ್ತಿ ನಮ್ಮದೇ, ಅವರದನ್ನು ಕಣ್ಣಿನಿಂದಲೂ ನೋಡಿಲ್ಲ. ಅಷ್ಟು ಸಾಕಾ? ಭಾರತದಲ್ಲಿ ಸಾಫ್ಟ್‌ವೇರಿಗೆ ಪೇಟೆಂಟೇ ಇಲ್ಲ ಅಂತಾರಲ್ಲ, ನಿಜವಾ? ನ್ಯೂಜೆರ್ಸಿಯ ಕ್ಲಿನಿಕ್ಕೊಂದು ನಮ್ಮ ಸಾಫ್ಟ್‌ವೇರ್ ಕೇಳ್ತಿದೆ. ಸರ್ವರ್ ಮುಂಬೈಯಲ್ಲೇ ಇಟ್ಟರೆ ಅಮೆರಿಕದ ಪೇಟೆಂಟಿನಿಂದ ತಪ್ಪಿಸಿಕೊಳ್ಳಬಹುದಾ? ಇನ್ನೊಂದು: "ಎದುರಾಳಿಯ ಪೇಟೆಂಟ್ ಓದಲೇಬೇಡಿ, ಓದಿದರೆ ದಂಡ ಜಾಸ್ತಿ" ಅಂತ ಪರಿಚಯದವರೊಬ್ಬರು ಹೆದರಿಸಿದ್ದಾರೆ. ನಾವಂತೂ ಓದಿಬಿಟ್ಟಿದ್ದೇವೆ.

---

ಕ್ಲೇಮ್_ಚಾರ್ಟ್

ಮೊದಲ ಪ್ರಶ್ನೆಗೆ ಉತ್ತರ: ಸಾಲದು. "ನಾವೇ ಬರೆದದ್ದು" ಅನ್ನುವುದು ಕಾಪಿರೈಟ್ ತಕರಾರಿಗೆ ಉತ್ತರವೇ ಹೊರತು ಪೇಟೆಂಟಿಗಲ್ಲ. ಪೇಟೆಂಟ್ ಕೂತಿರುವುದು ಕೋಡಿನ ಮೇಲಲ್ಲ, ಕೆಲಸ ಆಗುವ ವಿಧಾನದ ಮೇಲೆ. ಅವರ ಹೆಸರೇ ಕೇಳದೆ ಅದೇ ವಿಧಾನ ನಿಮಗೂ ಹೊಳೆದಿದ್ದರೂ ಉಲ್ಲಂಘನೆ ಆಗುತ್ತದೆ. ಇನ್ನೊಂದು ಕಡೆ, ಎರಡು ಆ್ಯಪ್‌ಗಳು ನೋಡಲು ಅವಳಿ ಜವಳಿಯಂತಿದ್ದರೂ ಅದೊಂದರಿಂದಲೇ ಪೇಟೆಂಟ್ ಉಲ್ಲಂಘನೆ ಆಗುವುದಿಲ್ಲ. ನಿಮ್ಮ ಉತ್ಪನ್ನವನ್ನು ಹೋಲಿಸಬೇಕಾದ್ದು ಅವರ ಕ್ಲೇಮ್ ಜೊತೆ, ಅವರ ಉತ್ಪನ್ನದ ಜೊತೆಗಲ್ಲ. ಪೇಟೆಂಟಿನಲ್ಲಿರುವ ಚಿತ್ರಗಳು, ಸಾರಾಂಶ, ಇಪ್ಪತ್ತು ಪುಟದ ವಿವರಣೆ ಇವೆಲ್ಲ ಕ್ಲೇಮಿನ ಪದಗಳಿಗೆ ಅರ್ಥ ಹೇಳಲು ಇರುವಂಥವು. ಬೇಲಿ ಹಾಕುವುದು ಕ್ಲೇಮ್ ಮಾತ್ರ.

ಹೋಲಿಸುವ ಮುಂಚೆ ಕೈಯಲ್ಲಿರುವ ಕಾಗದ ಯಾವುದು ಅಂತ ನೋಡಿ. ನಂಬರಿನ ಕೊನೆಯಲ್ಲಿ "ಎ1" ಇದ್ದರೆ ಅದು ಪ್ರಕಟವಾದ ಅರ್ಜಿ ಅಷ್ಟೆ. "ಬಿ1" ಅಥವಾ "ಬಿ2" ಇದ್ದರೆ ಮಂಜೂರಾದ ಪೇಟೆಂಟ್. ಎಷ್ಟೋ ತಂಡಗಳು ಎ1 ಓದಿ ಗಾಬರಿಯಾಗುತ್ತವೆ. ಅರ್ಜಿ ಹಾಕುವಾಗ ಎಲ್ಲರೂ ಅಗಲವಾಗಿಯೇ ಕೇಳುತ್ತಾರೆ, ಪರೀಕ್ಷಕರು ಅದನ್ನು ಕತ್ತರಿಸಿದ ಮೇಲೆ ಉಳಿಯುವುದು ಸಣ್ಣ ತುಂಡು. ನೀವು ಕೊಟ್ಟಿರುವ (ಅ)ಯಿಂದ (ಉ)ವರೆಗಿನ ಸಾಲುಗಳು ಬಿ2ರಿಂದ ತಗೊಂಡದ್ದೇ ಅಂತ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಪೇಟೆಂಟ್ ಜೀವಂತ ಇದೆಯಾ ಅನ್ನುವುದು. ಅಮೆರಿಕದಲ್ಲಿ ಮಂಜೂರಾದ ದಿನದಿಂದ 3.5, 7.5 ಮತ್ತು 11.5 ವರ್ಷಕ್ಕೆ ನಿರ್ವಹಣಾ ಶುಲ್ಕ ಕಟ್ಟಬೇಕು, ಮೇಲೆ 6 ತಿಂಗಳ ರಿಯಾಯಿತಿ ಅವಧಿ. ಕಟ್ಟದಿದ್ದರೆ 4, 8 ಅಥವಾ 12ನೇ ವರ್ಷಕ್ಕೆ ಪೇಟೆಂಟ್ ಬಿದ್ದುಹೋಗುತ್ತದೆ. ಗೂಗಲ್ ಪೇಟೆಂಟ್ಸ್ ತೋರಿಸುವ "ಆ್ಯಕ್ಟಿವ್" ಅನ್ನುವುದು ಬರೀ ಊಹೆ, ಅದನ್ನು ಅಲ್ಲೇ ಬರೆದಿರುತ್ತಾರೆ. ಅಮೆರಿಕದ ಪೇಟೆಂಟ್ ಕಚೇರಿಯ ಪೇಟೆಂಟ್ ಸೆಂಟರ್ ತಾಣದಲ್ಲಿ ನಂಬರ್ ಹಾಕಿದರೆ ಶುಲ್ಕದ ವಿವರವೂ ಸಿಗುತ್ತದೆ, ಅರ್ಜಿಯ ಪೂರ್ತಿ ಕಡತವೂ ಸಿಗುತ್ತದೆ. ಈ ಕಡತದ ಬೆಲೆ ಕೆಳಗೆ ಗೊತ್ತಾಗುತ್ತದೆ.

ಈಗ ಚಾರ್ಟ್. ಎಡಗಡೆ ಕ್ಲೇಮಿನ ಒಂದೊಂದು ಅಂಶ, ಬಲಗಡೆ ನಿಮ್ಮ ಸಾಫ್ಟ್‌ವೇರ್ ಅದೇ ಜಾಗದಲ್ಲಿ ಏನು ಮಾಡುತ್ತದೆ ಅನ್ನುವುದು. ನಿಯಮ ಇಷ್ಟೇ: ಎಲ್ಲ ಅಂಶಗಳೂ ಇದ್ದರೆ ಮಾತ್ರ ಉಲ್ಲಂಘನೆ, ಒಂದು ಇಲ್ಲದಿದ್ದರೂ ಇಲ್ಲ. ಈಗಿನ ನಿಮ್ಮ ಆವೃತ್ತಿ ನೋಡೋಣ. (ಇ) ಇದೆ. (ಉ) ಅರ್ಧ ಇದೆ: ಎಸ್ಸೆಮ್ಮೆಸ್ ಹೋಗುತ್ತದೆ, ಆದರೆ ಸರಿಸಿದ ನಂತರದ "ಹೊಸ ಸಮಯ" ಹೋಗುತ್ತದೆಯೇ ಅಂತ ನೀವು ಹೇಳಿಲ್ಲ, ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. (ಅ) ಇಲ್ಲ, ನೀವು ಸ್ಥಳ ಕೇಳುವುದೇ ಇಲ್ಲ. ಹಾಗಾಗಿ (ಆ) ಕೂಡ ಇಲ್ಲ. (ಈ) ಇಲ್ಲ, ಸರಿಸುವುದು ಮನುಷ್ಯರು. ಐದರಲ್ಲಿ ಮೂರು ಇಲ್ಲ ಅಂದರೆ ಕ್ಲೇಮ್ 1ರ ಮಟ್ಟಿಗೆ ಈಗಿನ ಆವೃತ್ತಿ ಚೆನ್ನಾಗಿಯೇ ದೂರ ಇದೆ. ನೀವು ಹೇಳಿದ ಮುಂದಿನ ಆವೃತ್ತಿ ಬಂದ ದಿನ ಐದೂ ತುಂಬುತ್ತವೆ. ನಿಮ್ಮ ಅಪಾಯ ಇರುವುದು ಇವತ್ತಿನ ಕೋಡಿನಲ್ಲಲ್ಲ, ಮುಂದಿನ ಯೋಜನೆಯಲ್ಲಿ.

ಕ್ಲೇಮ್ 1 ಒಂದನ್ನೇ ಓದಿ ನಿಲ್ಲಿಸಬೇಡಿ. ಸಾಫ್ಟ್‌ವೇರ್ ಪೇಟೆಂಟುಗಳಲ್ಲಿ ಸಾಮಾನ್ಯವಾಗಿ ಮೂರು ಸ್ವತಂತ್ರ ಕ್ಲೇಮ್ ಇರುತ್ತವೆ: ವಿಧಾನಕ್ಕೊಂದು, ಸಿಸ್ಟಂಗೊಂದು, ಪ್ರೋಗ್ರಾಂ ತುಂಬಿದ ಮಾಧ್ಯಮಕ್ಕೊಂದು. ಮೂರರ ಪದಗಳೂ ಒಂದೇ ಅಂತ ಅಂದುಕೊಂಡವರೇ ಎಡವುವುದು. ಒಂದರಲ್ಲಿ "ತಾನಾಗಿಯೇ" ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. "ಕ್ಲೇಮ್ 1ರಲ್ಲಿ ಹೇಳಿದಂತೆ..." ಎಂದು ಶುರುವಾಗುವ ಅವಲಂಬಿತ ಕ್ಲೇಮ್‌ಗಳನ್ನು ಸದ್ಯಕ್ಕೆ ಬಿಡಿ. ಸ್ವತಂತ್ರ ಕ್ಲೇಮಿಗೆ ಸಿಗದಿದ್ದರೆ ಅವಕ್ಕೂ ಸಿಗುವುದಿಲ್ಲ.

ಅಕ್ಷರಶಃ ಸಿಗದಿದ್ದರೂ "ಹೆಚ್ಚುಕಮ್ಮಿ ಅದೇ ಕೆಲಸ, ಅದೇ ರೀತಿ, ಅದೇ ಫಲ" ಎಂಬ ಸಮಾನತೆಯ ವಾದ ಇದ್ದೇ ಇದೆ. ಕಡತ ಬೇಕಾಗುವುದು ಇಲ್ಲಿಗೆ. "ತಾನಾಗಿಯೇ" ಎಂಬ ಪದ ಮೊದಲ ಅರ್ಜಿಯಲ್ಲಿ ಇತ್ತಾ, ಅಥವಾ ಪರೀಕ್ಷಕರು ಹಳೆಯದೊಂದನ್ನು ತೋರಿಸಿ ತಿರಸ್ಕರಿಸಿದ ಮೇಲೆ ಸೇರಿಸಿದರಾ? ಆಮೇಲೆ ಸೇರಿಸಿದ್ದಾದರೆ, ಕೈಯಾರೆ ಸರಿಸುವುದೂ ನಮ್ಮದೇ ಅಂತ ಅವರು ಈಗ ಹೇಳುವುದು ಬಹಳ ಕಷ್ಟ. 2002ರ ಫೆಸ್ಟೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಪೇಟೆಂಟ್ ಪಡೆಯಲು ಬಿಟ್ಟುಕೊಟ್ಟ ಜಾಗವನ್ನು ದಾವೆಯಲ್ಲಿ ಹಿಂದಕ್ಕೆ ಕೇಳುವ ಹಾಗಿಲ್ಲ ಎಂಬುದೇ ಅಲ್ಲಿ ಆರಂಭದ ಊಹೆ. ಕಡತದಲ್ಲಿ ಪರೀಕ್ಷಕರ ಪತ್ರ, ಅದಕ್ಕೆ ಅರ್ಜಿದಾರರ ಉತ್ತರ, ಈ ಎರಡೇ ಬಗೆಯ ಕಾಗದ ಓದಿದರೂ ಮುಕ್ಕಾಲು ಚಿತ್ರ ಸಿಗುತ್ತದೆ.

ಒಂದು ಅಂಶ ತಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆಜಾನ್‌ನ ಒನ್-ಕ್ಲಿಕ್ (ಒಂದೇ ಕ್ಲಿಕ್ಕಿಗೆ ಖರೀದಿ) ಪೇಟೆಂಟ್ ನೋಡಿ. 1999ರ ಸೆಪ್ಟೆಂಬರಿನಲ್ಲಿ ಮಂಜೂರು, ಮುಂದಿನ ತಿಂಗಳೇ ಬಾರ್ನ್ಸ್ ಆ್ಯಂಡ್ ನೋಬಲ್ ಮೇಲೆ ದಾವೆ, ಡಿಸೆಂಬರಿನಲ್ಲಿ ತಡೆಯಾಜ್ಞೆ. ಎದುರಾಳಿ ತನ್ನ ಎಕ್ಸ್‌ಪ್ರೆಸ್ ಲೇನ್ ಎಂಬ ಅಂಥದ್ದೇ ಖರೀದಿ ಸೌಲಭ್ಯದಲ್ಲಿ ಖಚಿತಪಡಿಸಲು ಇನ್ನೊಂದು ಕ್ಲಿಕ್ ಸೇರಿಸಿ ವ್ಯಾಪಾರ ಮುಂದುವರಿಸಿತು. ಪೇಟೆಂಟಿನ ಸಿಂಧುತ್ವದ ಬಗ್ಗೆ ಗಟ್ಟಿ ಪ್ರಶ್ನೆಗಳಿವೆ ಅಂತ 2001ರಲ್ಲಿ ಮೇಲ್ಮನವಿ ಕೋರ್ಟ್ ಆ ತಡೆಯಾಜ್ಞೆಯನ್ನೂ ತೆಗೆದುಹಾಕಿತು. ಗ್ರಾಹಕನಿಗೆ ಒಂದು ಕ್ಲಿಕ್ ಜಾಸ್ತಿ ಆಯಿತು, ಅಂಗಡಿ ಮುಚ್ಚಲಿಲ್ಲ.

ಕೊನೆಗೆ ಕಂಟಿನ್ಯುಯೇಷನ್, ಅಂದರೆ ಮುಂದುವರಿಕೆಯ ಅರ್ಜಿ, ಇದೆಯಾ ನೋಡಿ. ಅದೇ ಕುಟುಂಬದ (ಒಂದೇ ಮೂಲ ಅರ್ಜಿಯಿಂದ ಹುಟ್ಟಿದ) ಒಂದು ಅರ್ಜಿ ಅಮೆರಿಕದಲ್ಲಿ ಇನ್ನೂ ಬಾಕಿ ಇದ್ದರೆ, ಹಳೆಯ ದಿನಾಂಕವನ್ನೇ ಹಿಡಿದುಕೊಂಡು, ಮಾರುಕಟ್ಟೆಯಲ್ಲಿರುವ ನಿಮ್ಮ ಉತ್ಪನ್ನವನ್ನು ಎದುರಿಗಿಟ್ಟುಕೊಂಡು ಹೊಸ ಕ್ಲೇಮ್ ಬರೆಯಬಹುದು. ಮೂಲ ವಿವರಣೆಯಲ್ಲಿ ಅದಕ್ಕೆ ಆಧಾರ ಇರಬೇಕು, ಅಷ್ಟೆ. ಕುಟುಂಬ ಮುಗಿದಿದ್ದರೆ ಒಮ್ಮೆ ಬಳಸಿಹೋದ ದಾರಿ ಭದ್ರ. ಬಾಕಿ ಇದ್ದರೆ ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

---

ಸೆಕ್ಷನ್_3ಕೆ

ಭಾರತದ ಭಾಗ ನಾನು ಹೇಳುತ್ತೇನೆ. "ಸಾಫ್ಟ್‌ವೇರಿಗೆ ಪೇಟೆಂಟೇ ಇಲ್ಲ" ಎಂಬುದು ಅರ್ಧ ಸತ್ಯ, ಅದರ ಮೇಲೆ ವ್ಯಾಪಾರ ಕಟ್ಟಬೇಡಿ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಹೊರಗಿಡುವುದು ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಂ, ಮತ್ತು "ಕೇವಲ ತನ್ನಷ್ಟಕ್ಕೆ" ಇರುವ ಕಂಪ್ಯೂಟರ್ ಪ್ರೋಗ್ರಾಂ. ಬಾಗಿಲು ಇರುವುದು ಆ "ಕೇವಲ ತನ್ನಷ್ಟಕ್ಕೆ" ಎಂಬಲ್ಲಿ. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇರುವ ಆವಿಷ್ಕಾರವನ್ನು ಪ್ರೋಗ್ರಾಂ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದಿತು. 2016ರ ಮಾರ್ಗಸೂಚಿಯಲ್ಲಿ ಹೊಸ ಹಾರ್ಡ್‌ವೇರ್ ಇರಲೇಬೇಕು ಎಂದಿತ್ತು. 2017ರದರಲ್ಲಿ ಆ ಷರತ್ತು ಹೋಯಿತು. ವ್ಯಾಪಾರ ವಿಧಾನದ ಬಾಗಿಲು ಮಾತ್ರ ಬಿಗಿಯಾಗಿಯೇ ಇದೆ. ಅಲ್ಲಿ "ಕೇವಲ ತನ್ನಷ್ಟಕ್ಕೆ" ಎಂಬ ವಿನಾಯಿತಿ ಇಲ್ಲ, ನಿಷೇಧ ಪೂರ್ತಿ ಎಂದು 2023ರ ಓಪನ್‌ಟಿವಿ ತೀರ್ಪಿನಲ್ಲಿ ಅದೇ ಹೈಕೋರ್ಟ್ ಹೇಳಿದೆ. ಸರದಿ ನಿರ್ವಹಣೆಯ ಕ್ಲೇಮ್ ಇಲ್ಲಿಗೆ ಬಂದರೆ ಪರೀಕ್ಷಕರು ಮೊದಲು ಎತ್ತುವ ಆಕ್ಷೇಪ ಇದೇ ಆಗಿರುತ್ತದೆ. ಆದರೂ ದಾಟಿ ಮಂಜೂರಾದವು ಇವೆ, ಆದ್ದರಿಂದ ಊಹಿಸದೆ ಹುಡುಕಿ.

ಹುಡುಕುವ ಕ್ರಮ ಹೀಗೆ. ಅಮೆರಿಕದ ನಂಬರನ್ನು ಯುರೋಪಿನ ಪೇಟೆಂಟ್ ಕಚೇರಿಯ ಹುಡುಕು ತಾಣ ಎಸ್ಪೇಸ್‌ನೆಟ್‌ನಲ್ಲಿ ಹಾಕಿ "ಫ್ಯಾಮಿಲಿ" ನೋಡಿ. "ಐಎನ್" ಎಂದು ಶುರುವಾಗುವ ನಂಬರ್ ಇದ್ದರೆ ಭಾರತದಲ್ಲೂ ಅರ್ಜಿ ಇದೆ. ಅಷ್ಟಕ್ಕೆ ಬಿಡದೆ ನಮ್ಮ ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್‌ನಲ್ಲಿ ಕಂಪನಿಯ ಹೆಸರು, ಸಂಶೋಧಕರ ಹೆಸರು, ಪಿಸಿಟಿ (ಹಲವು ದೇಶಗಳಿಗೆ ಸೇರಿಸಿ ಹಾಕುವ ಅಂತರರಾಷ್ಟ್ರೀಯ ಅರ್ಜಿ) ನಂಬರ್, ಮೂರರಲ್ಲೂ ಹುಡುಕಿ. ಕಂಪನಿ ಹೆಸರು ಬದಲಾಗಿರುತ್ತದೆ ಅಥವಾ ಪೇಟೆಂಟ್ ಬೇರೆಯವರಿಗೆ ಮಾರಾಟವಾಗಿರುತ್ತದೆ, ಆಗ ಸಂಶೋಧಕರ ಹೆಸರೇ ಕೈ ಹಿಡಿಯುವುದು. ವಿಷಯದ ಮೇಲೆ ಹುಡುಕಲು ವರ್ಗೀಕರಣದ ಸಂಕೇತ ಬಳಸಿ: ಆಸ್ಪತ್ರೆ ನಿರ್ವಹಣೆಗೆ ಜಿ16ಎಚ್ 40/20, ಕಾಯ್ದಿರಿಸುವಿಕೆಗೆ ಜಿ06ಕ್ಯೂ 10/02, ಸರದಿ ಯಂತ್ರಗಳಿಗೆ ಜಿ07ಸಿ 11/00. ಪೇಟೆಂಟ್ ಬರೆಯುವವರು "ಕ್ಯೂ" ಎಂಬ ಸರಳ ಪದ ಬಳಸುತ್ತಾರೆ ಎಂಬ ಭರವಸೆ ಇಲ್ಲದ್ದರಿಂದ ಬರೀ ಕೀವರ್ಡ್ ನಂಬಿದರೆ ಕೆಲಸ ಕೆಡುತ್ತದೆ.

ಪಿಸಿಟಿ ಅರ್ಜಿಯಾದರೆ ಭಾರತಕ್ಕೆ ಬರಲು ಮೊದಲ ಅರ್ಜಿಯ ದಿನದಿಂದ ಸಾಮಾನ್ಯವಾಗಿ 31 ತಿಂಗಳ ಗಡುವು. ಆ ಗಡುವು ಕಳೆದು ವರ್ಷವಾದರೂ ಇನ್‌ಪಾಸ್‌ನಲ್ಲಿ ಏನೂ ಕಾಣದಿದ್ದರೆ ಆ ಕುಟುಂಬ ಇಲ್ಲಿಗೆ ಬಂದಿಲ್ಲ ಎಂದುಕೊಳ್ಳಬಹುದು. ಇಲ್ಲಿ ಪೇಟೆಂಟ್ ಇಲ್ಲದಿದ್ದರೆ ಇಲ್ಲಿ ಮಾಡಿ ಇಲ್ಲೇ ಮಾರುವುದಕ್ಕೆ ಅಮೆರಿಕದ ಪೇಟೆಂಟ್ ಏನೂ ಮಾಡಲಾರದು. ಹೊಚ್ಚ ಹೊಸ ಅರ್ಜಿಗಳು 18 ತಿಂಗಳು ಕಣ್ಣಿಗೇ ಬೀಳುವುದಿಲ್ಲ. ಆ ಕತ್ತಲಿಗೆ ಯಾರ ಹತ್ತಿರವೂ ಮದ್ದಿಲ್ಲ.

ಭಾರತದಲ್ಲೂ ಅರ್ಜಿ ಇದೆ ಎಂದಾದರೆ ಹಂತ ನೋಡಿ. ಪ್ರಕಟವಾಗಿ ಮಂಜೂರಾಗದೆ ಇದ್ದರೆ ಸೆಕ್ಷನ್ 25(1)ರ ಕೆಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಅದು ಫಾರ್ಮ್ 7ಎ. ಮಂಜೂರಾತಿ ಪ್ರಕಟವಾಗಿ ಒಂದು ವರ್ಷದೊಳಗಾದರೆ ಸೆಕ್ಷನ್ 25(2), ಆಗ ನೀವು "ಹಿತಾಸಕ್ತಿ ಇರುವವರು" ಆಗಿರಬೇಕು. ಅದೇ ಕ್ಷೇತ್ರದಲ್ಲಿ ವ್ಯಾಪಾರ ಮಾಡುವ ನೀವು ಆಗುತ್ತೀರಿ. ಆಮೇಲಿನದ್ದು ಸೆಕ್ಷನ್ 64ರ ರದ್ದತಿ. ಅರ್ಜಿ ಬಾಕಿ ಇರುವಾಗ ಅವರು ದಾವೆ ಹಾಕುವಂತಿಲ್ಲ. ಆದರೆ ಮಂಜೂರಾದ ಮೇಲೆ ಹಾಕಿದರೆ ಪರಿಹಾರದ ಲೆಕ್ಕ ಪ್ರಕಟಣೆಯ ದಿನದಿಂದ ಶುರುವಾಗಬಹುದು, ಸೆಕ್ಷನ್ 11ಎ.

ಬೆಂಗಳೂರಿನಲ್ಲಿ ದಾವೆ ಬಂದರೆ ಅದು ಮೊದಲು ವಾಣಿಜ್ಯ ನ್ಯಾಯಾಲಯಕ್ಕೆ. ಪೇಟೆಂಟ್ ರದ್ದು ಮಾಡಿ ಅಂತ ನೀವು ಪ್ರತಿ ಹಕ್ಕು ಸಲ್ಲಿಸಿದರೆ ಸೆಕ್ಷನ್ 104ರ ಪ್ರಕಾರ ಇಡೀ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಮಂಜೂರಾದ ಮಾತ್ರಕ್ಕೆ ಪೇಟೆಂಟ್ ಸಿಂಧು ಎಂದು ನಮ್ಮ ಕಾಯ್ದೆ ಖಾತ್ರಿ ಕೊಡುವುದಿಲ್ಲ, ಸೆಕ್ಷನ್ 13(4) ನೋಡಿ. ಸಿಂಧುತ್ವದ ಮೇಲೆ ನಂಬುವಂಥ ಪ್ರಶ್ನೆ ಎತ್ತಿದರೆ ಮಧ್ಯಂತರ ತಡೆಯಾಜ್ಞೆ ಸಿಗುವುದು ಕಷ್ಟ ಎಂಬುದು 2009ರ ರೋಷ್-ಸಿಪ್ಲಾ ತೀರ್ಪಿನಿಂದ ಬಂದ ದಾರಿ. ಅದು ಔಷಧದ ಪ್ರಕರಣವಾದರೂ ಸಾಫ್ಟ್‌ವೇರಿಗೂ ಹೊಂದುತ್ತದೆ.

ಸುಮ್ಮನೆ ಬೆದರಿಕೆ ಪತ್ರ ಬರೆಯುವವರಿಗೆ ಸೆಕ್ಷನ್ 106 ಇದೆ, ಆಧಾರವಿಲ್ಲದ ಬೆದರಿಕೆಗೆ ನೀವೇ ದಾವೆ ಹೂಡಬಹುದು. "ನಮ್ಮ ಹತ್ತಿರ ಈ ನಂಬರಿನ ಪೇಟೆಂಟ್ ಇದೆ" ಎಂದು ತಿಳಿಸಿದ್ದಷ್ಟೇ ಬೆದರಿಕೆ ಆಗುವುದಿಲ್ಲ, ಅನುಭವಸ್ಥ ವಕೀಲರು ಅಷ್ಟಕ್ಕೇ ನಿಲ್ಲಿಸಿರುತ್ತಾರೆ. ಸೆಕ್ಷನ್ 105ರಲ್ಲಿ ಉಲ್ಲಂಘನೆ ಇಲ್ಲವೆಂಬ ಘೋಷಣೆ ಕೇಳಬಹುದು. ಅದಕ್ಕೆ ಮೊದಲು ನಿಮ್ಮ ವಿಧಾನದ ಪೂರ್ತಿ ವಿವರ ಬರೆದು ಅವರ ಒಪ್ಪಿಗೆ ಕೇಳಿರಬೇಕು, ಅಂದರೆ ನಿಮ್ಮ ಗುಟ್ಟನ್ನು ಎದುರಾಳಿಯ ಕೈಗಿಟ್ಟ ಹಾಗೆ. ನನ್ನ ಮಟ್ಟಿಗೆ ಅದು ಕೊನೆಯ ಅಸ್ತ್ರ.

---

ಟೋಕನ್_ಮಂಡ್ಯ

ಇಬ್ಬರಿಗೂ ಧನ್ಯವಾದ. ನೋಡಿದ್ದು ಬಿ2ನೇ, ಶುಲ್ಕವೂ ಕಟ್ಟಿದ್ದಾರೆ. ಭಾರತದಲ್ಲಿ ಆ ಕುಟುಂಬದ ಅರ್ಜಿ ಎರಡು ಕಡೆಯೂ ಕಾಣಲಿಲ್ಲ, 31 ತಿಂಗಳು ಕಳೆದು ಬಹಳ ಆಗಿದೆ. ಹಾಗಾದರೆ ಲೊಕೇಶನ್ ಫೀಚರ್ ಭಾರತದವರಿಗೆ ಮಾತ್ರ ಆನ್ ಮಾಡಿ, ಅಮೆರಿಕದ ಗ್ರಾಹಕರಿಗೆ ಫೀಚರ್ ಫ್ಲ್ಯಾಗ್ (ಕೋಡಿನೊಳಗಿನ ಆನ್-ಆಫ್ ಸ್ವಿಚ್) ಹಾಕಿ ಆಫ್ ಇಟ್ಟರೆ ಆಯ್ತಲ್ವಾ? ಮತ್ತೆ, ನಾವೇ ಒಂದು ಪೇಟೆಂಟ್ ತಗೊಂಡುಬಿಟ್ಟರೆ ರಕ್ಷಣೆ ಸಿಗುತ್ತಾ?

---

ಹುಬ್ಬಳ್ಳಿ_ಬಿಲ್ಡ್

ಫ್ಲ್ಯಾಗ್ ಹಾಕಿ ಬಂದ್ ಮಾಡಿದ್ರ ಸಾಕು ಅಂತ ಭಾಳ ಮಂದಿ ತಿಳ್ಕೊಂಡಾರ. ಸಾಲಂಗಿಲ್ಲರಿ. ಸೆಕ್ಯೂರ್ ಕಂಪ್ಯೂಟಿಂಗ್ ಮ್ಯಾಲೆ ಫಿನ್‌ಜಾನ್ ಹಾಕಿದ ಕೇಸಿನ್ಯಾಗ 2010ರಾಗ ಇದೇ ಆಗಿದ್ದು. ಮಾಡ್ಯೂಲ್‌ಗಳು ಲಾಕ್ ಆಗಿದ್ದವು, ಗಿರಾಕಿ ಕೀಲಿ ಕೊಂಡ್ರಷ್ಟೇ ತೆರೀತಿದ್ದವು. ಆದ್ರ ಕೋಡ್ ಮಾರಿದ ಮಾಲಿನೊಳಗ ಆಗಲೇ ಇತ್ತು. ಸಿಸ್ಟಂ ಕ್ಲೇಮು, ಮಾಧ್ಯಮದ ಕ್ಲೇಮು ಎರಡೂ ಉಲ್ಲಂಘನೆ ಆದವು. ವಿಧಾನದ ಕ್ಲೇಮ್ ಮಾತ್ರ ಉಳೀತು, ಯಾಕಂದ್ರ ಅದನ್ನ ಯಾರರ ಅಲ್ಲಿ ನಡೆಸಬೇಕು. ಅದಕ್ಕ ಅಮೆರಿಕದ ಬಿಲ್ಡ್‌ನ್ಯಾಗ (ಅಲ್ಲಿಗೆ ಕಳಿಸೋ ಪ್ರತಿಯಾಗ) ಆ ಮಾಡ್ಯೂಲ್ ಕಂಪೈಲೇ ಆಗಬಾರದು. ಆ್ಯಪ್‌ದಾಗ ಲೊಕೇಶನ್ ಪರ್ಮಿಷನ್ ಕೇಳೋ ಸಾಲು ಸೈತ ಇರಬಾರದು. ಆ್ಯಪ್ ಸ್ಟೋರಿನ್ಯಾಗ ಪರ್ಮಿಷನ್ ಪಟ್ಟಿ ಎಲ್ಲಾರಿಗೂ ಕಾಣತೈತಿ, ಅವರ ವಕೀಲರು ಮೊದಲ ನೋಡೋದು ಅದನ್ನ. ಸರ್ವರಿಗೂ ಬ್ಯಾರೆ ಡಿಪ್ಲಾಯ್‌ಮೆಂಟ್ ಇಡ್ರಿ, ಲೊಕೇಶನ್ ತಗೊಳ್ಳೋ ಎಂಡ್‌ಪಾಯಿಂಟ್ (ಸರ್ವರಿನ ಬಾಗಿಲು) ಅಲ್ಲಿ ಇರಲೇಬಾರದು.

ಎದುರಾಳಿ ಸಾಫ್ಟ್‌ವೇರ್ ಬಳಸಿ ನೋಡೋದು ತಪ್ಪೇನಲ್ಲ. ನಮ್ಮ ಕಾಪಿರೈಟ್ ಕಾಯ್ದೆ ಸೆಕ್ಷನ್ 52ರಾಗ, ಕಾಯ್ದೆ ಪ್ರಕಾರ ಕೈಗೆ ಬಂದ ಪ್ರೋಗ್ರಾಂ ಹೆಂಗ ಕೆಲಸ ಮಾಡ್ತದ ಅಂತ ಗಮನಿಸಿ, ಪರೀಕ್ಷೆ ಮಾಡಿ, ಅದರ ಹಿಂದಿನ ತತ್ವ ತಿಳ್ಕೊಳ್ಳಾಕ ಅವಕಾಶ ಐತಿ. ಆದ್ರ ಟ್ರಯಲ್ ಖಾತೆ ತೆರೆಯುವಾಗ "ಒಪ್ಪಿದೆ" ಅಂತ ಒತ್ತತೀರಲ್ಲ, ಆ ಷರತ್ತಿನೊಳಗ "ಸ್ಪರ್ಧೆಯ ಉತ್ಪನ್ನ ಮಾಡಾಕ ಬಳಸಬಾರದು" ಅಂತ ಇರತದ. ಆಗ ತಕರಾರು ಪೇಟೆಂಟಿಂದಲ್ಲ, ಕರಾರಿಂದು. ಅವರ ಐಕಾನು, ಪರದೆಯ ಜೋಡಣೆ ಸೈತ ಹಂಗ ಎತ್ತಬ್ಯಾಡ್ರಿ. ಅಮೆರಿಕದಾಗ ಪರದೆಯ ರೂಪಕ್ಕ ಡಿಸೈನ್ ಪೇಟೆಂಟ್ ಬ್ಯಾರೆ ಕೊಡತಾರ, ಮಂಜೂರಾದ ದಿನದಿಂದ 15 ವರ್ಷ. ತಂಡದಾಗ ಯಾರರ ಆ ಕಂಪನಿಯಿಂದ ಬಂದವರಿದ್ರ ಅವರನ್ನ ಈ ಮಾಡ್ಯೂಲಿಂದ ದೂರ ಇಡ್ರಿ.

ಇನ್ನೊಂದು ಮಾತು. "ಅವರ ಥರಾನೇ ಮಾಡೋಣ" ಅಂತ ಟಿಕೆಟ್‌ನ್ಯಾಗ, ಕಮಿಟ್ ಮೆಸೇಜಿನ್ಯಾಗ, ವಾಟ್ಸಾಪ್ ಗ್ರೂಪಿನ್ಯಾಗ ಬರೀಬ್ಯಾಡ್ರಿ. ಅಮೆರಿಕದಾಗ ದಾವೆ ಆದ್ರ ಅದೆಲ್ಲಾ ಎದುರಿನವರ ಕೈಗೆ ಕೊಡಬೇಕಾಗತದ. ಬರೆದದ್ದನ್ನ ಆಮ್ಯಾಲೆ ಅಳಿಸಿದ್ರ ಇನ್ನೂ ಕೇಡು.

---

ಕರಾರು_ಓದುಗ

ಸರ್ವರ್ ಮುಂಬೈಯಲ್ಲಿಟ್ಟರೆ ತಪ್ಪಿಸಿಕೊಳ್ಳಬಹುದಾ ಎಂಬುದಕ್ಕೆ ಬ್ಲ್ಯಾಕ್‌ಬೆರಿ ಪ್ರಕರಣವೇ ಉತ್ತರ. ಅವರ ರಿಲೇ (ಮೇಲ್ ದಾಟಿಸುವ ಸರ್ವರ್) ಇದ್ದದ್ದು ಕೆನಡಾದಲ್ಲಿ, ಪೇಟೆಂಟ್ ದಾವೆ ಹಾಕಿದ ಅಮೆರಿಕದ ಎನ್‌ಟಿಪಿ ಎಂಬ ಕಂಪನಿಯದ್ದು. ವಿಧಾನದ ಕ್ಲೇಮಿಗೆ ಎಲ್ಲ ಹಂತಗಳೂ ಅಮೆರಿಕದೊಳಗೇ ನಡೆಯಬೇಕು, ಆದ್ದರಿಂದ ಅದು ತಪ್ಪಿತು. ಸಿಸ್ಟಂ ಕ್ಲೇಮಿಗೆ ಮಾತ್ರ ಅದನ್ನು ಎಲ್ಲಿಂದ ನಿಯಂತ್ರಿಸಿ ಪ್ರಯೋಜನ ಪಡೆಯುತ್ತಾರೆ ಎಂಬುದು ಮುಖ್ಯ, ಬಳಸುವವರು ಅಮೆರಿಕದಲ್ಲಿದ್ದಾರೆ ಎಂದು 2005ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. 2006ರಲ್ಲಿ 61.25 ಕೋಟಿ ಡಾಲರಿಗೆ ರಾಜಿಯಾಯಿತು. ನ್ಯೂಜೆರ್ಸಿಯ ರಿಸೆಪ್ಷನಿಸ್ಟ್ ಗುಂಡಿ ಒತ್ತಿ, ನ್ಯೂಜೆರ್ಸಿಯ ರೋಗಿಗೆ ಮೆಸೇಜ್ ಬಂದರೆ ಮುಂಬೈ ಸರ್ವರ್ ಅರ್ಧ ಗುರಾಣಿ ಅಷ್ಟೆ.

ಓದಬೇಡಿ ಅಂದವರ ಮಾತಿಗೆ ಕಾರಣ ಇದೆ: ಉದ್ದೇಶಪೂರ್ವಕ ಉಲ್ಲಂಘನೆಯಾದರೆ ಅಮೆರಿಕದ ನ್ಯಾಯಾಧೀಶರು ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು, 2016ರ ಹಾಲೋ ತೀರ್ಪಿನ ನಂತರ ಅದು ಸಲೀಸೂ ಆಗಿದೆ. ಗೊತ್ತಿಲ್ಲದೆ ಉದ್ದೇಶ ಇರಲು ಬರುವುದಿಲ್ಲ, ನಿಜ. ಆದರೆ ನೇರ ಎದುರಾಳಿ ತನ್ನ ವೆಬ್‌ಸೈಟಿನಲ್ಲಿ ನಂಬರ್ ಹಾಕಿಕೊಂಡಿರುವಾಗ ಕಣ್ಣು ಮುಚ್ಚಿಕೊಂಡೆ ಎಂಬ ವಾದ ಸಾಕ್ಷಿಕಟ್ಟೆಯಲ್ಲಿ ಕೇಳಲು ಚೆನ್ನಾಗಿರುವುದಿಲ್ಲ. ಎಂಜಿನಿಯರುಗಳು ತೋಚಿದಂತೆ ಸಾವಿರ ಪೇಟೆಂಟ್ ಜಾಲಾಡುವುದು ಬೇಡ. ನೇರ ಎದುರಾಳಿಗಳು ಮೂರ್ನಾಲ್ಕು ಜನರದ್ದನ್ನು ಪೇಟೆಂಟ್ ವಕೀಲರ ಮೂಲಕ ನೋಡಿಸಿ. ಚಾರ್ಟ್ ಅವರ ಸೂಚನೆಯ ಮೇರೆಗೆ ತಯಾರಾದರೆ ಅದಕ್ಕೆ ವಕೀಲ-ಕಕ್ಷಿದಾರ ಗೋಪ್ಯತೆಯ ರಕ್ಷಣೆ ಸಿಗುವ ಸಾಧ್ಯತೆ ಹೆಚ್ಚು. ನೀವು ಈಗಾಗಲೇ ಓದಿದ್ದೀರಿ. ಹಾಗಾಗಿ ಅಮೆರಿಕಕ್ಕೆ ಇಳಿಯುವ ಮುಂಚೆ ಅಲ್ಲಿಯ ವಕೀಲರಿಂದ ದಿನಾಂಕ ಹಾಕಿದ ಲಿಖಿತ ಅಭಿಪ್ರಾಯ ತೆಗೆದುಕೊಂಡಿರಿ.

ಕ್ಲೇಮ್ ನಿಮಗೆ ಸಿಕ್ಕರೂ ಅದು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅಮೂರ್ತ ಕಲ್ಪನೆಯನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಎಂದು 2014ರಲ್ಲಿ ಆಲಿಸ್ ತೀರ್ಪು ಬಂದ ಮೇಲೆ ಇಂಥ ಎಷ್ಟೋ ಪೇಟೆಂಟ್ ಮಲಗಿವೆ. ಎಲ್ಲವೂ ಅಲ್ಲ, 2016ರ ಎನ್‌ಫಿಶ್ ಪ್ರಕರಣದಲ್ಲಿ ಡೇಟಾಬೇಸಿನ ರಚನೆಯ ಪೇಟೆಂಟ್ ಬದುಕಿತು. ಮೊದಲೇ ಇದ್ದದ್ದನ್ನು ಹುಡುಕುವುದು ಇನ್ನೂ ಗಟ್ಟಿ ದಾರಿ. ಬ್ಲ್ಯಾಕ್‌ಬೋರ್ಡ್ ಕಂಪನಿ 2006ರಲ್ಲಿ ಆನ್‌ಲೈನ್ ಕಲಿಕೆಯ ಪೇಟೆಂಟ್ ಹಿಡಿದು ಡಿಸೈರ್2ಲರ್ನ್ ಮೇಲೆ ದಾವೆ ಹಾಕಿತ್ತು. 2008ರಲ್ಲಿ ಜ್ಯೂರಿ 31 ಲಕ್ಷ ಡಾಲರ್ ಕೊಡಿಸಿತು, 2009ರಲ್ಲಿ ಮೇಲ್ಮನವಿ ಕೋರ್ಟ್ ಆ ಕ್ಲೇಮ್‌ಗಳು ಅಸಿಂಧು ಎಂದಿತು. ನಿಮ್ಮ ವಿಷಯದಲ್ಲಿ ಹೋಟೆಲುಗಳ ಪೇಜರ್ ವ್ಯವಸ್ಥೆ, ಡಿಸ್ನಿ ಪಾರ್ಕುಗಳಲ್ಲಿ ಸರದಿಗೆ ಸಮಯ ಕಾಯ್ದಿರಿಸುವ 1999ರ ಫಾಸ್ಟ್‌ಪಾಸ್, ಹಳೆಯ ಆಸ್ಪತ್ರೆ ಸಾಫ್ಟ್‌ವೇರಿನ ಕೈಪಿಡಿಗಳು ಹುಡುಕುವ ಜಾಗ. ಲೆಕ್ಕಕ್ಕೆ ಬರುವುದು ಅವರ ಪೇಟೆಂಟಿನ ಪ್ರಯಾರಿಟಿ ದಿನಕ್ಕಿಂತ (ಮೊದಲ ಅರ್ಜಿಯ ದಿನ) ಹಿಂದಿನ, ದಿನಾಂಕ ಸಾಬೀತು ಮಾಡಬಹುದಾದ ದಾಖಲೆ. ದಾವೆಯ ನೋಟಿಸ್ ಜಾರಿಯಾದ ಮೇಲೆ ಪೇಟೆಂಟ್ ಕಚೇರಿಯಲ್ಲಿ ಮರುಪರಿಶೀಲನೆ, ಅಂದರೆ ಐಪಿಆರ್, ಕೇಳಲು ಒಂದು ವರ್ಷ ಮಾತ್ರ.

ಸ್ವಂತ ಪೇಟೆಂಟಿನಿಂದ ನಿಮಗೆ ಬಳಸುವ ಹಕ್ಕು ಸಿಗುವುದಿಲ್ಲ, ಬೇರೆಯವರನ್ನು ತಡೆಯುವ ಹಕ್ಕು ಸಿಗುತ್ತದೆ. ಅವರ ಮೂಲ ವಿಧಾನದ ಮೇಲೆ ನಿಮ್ಮ ಸುಧಾರಣೆ ಕೂತಿದ್ದರೆ ಇಬ್ಬರೂ ಒಬ್ಬರಿನ್ನೊಬ್ಬರನ್ನು ತಡೆಯಬಹುದು. ಚೌಕಾಸಿಗೆ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ, ಅಷ್ಟು ಮಾತ್ರ.

ನಿಜವಾಗಿ ದುಡ್ಡು ಹೋಗುವ ಜಾಗ ನ್ಯೂಜೆರ್ಸಿ ಕ್ಲಿನಿಕ್ ಕಳಿಸುವ ಕರಾರು. ಅದರಲ್ಲಿ ಬೌದ್ಧಿಕ ಆಸ್ತಿಯ ಇಂಡೆಮ್ನಿಟಿ ಷರತ್ತು ಇದ್ದೇ ಇರುತ್ತದೆ: ಯಾರಾದರೂ ಕ್ಲಿನಿಕ್ ಮೇಲೆ ದಾವೆ ಹಾಕಿದರೆ ಪೂರ್ತಿ ಖರ್ಚು ನಿಮ್ಮದು. ಸಾಮಾನ್ಯ ಹೊಣೆಗೆ ಮಿತಿ ಇದ್ದರೂ ಈ ಷರತ್ತನ್ನು ಮಿತಿಯ ಹೊರಗಿಟ್ಟಿರುತ್ತಾರೆ, ಅದನ್ನು ಹುಡುಕಿ ಓದಿ. ಹಿಂದಿನ 12 ತಿಂಗಳ ಶುಲ್ಕದಷ್ಟು ಅಥವಾ ಅದರ ಒಂದೆರಡು ಪಟ್ಟಿಗೆ ಮಿತಿ ಕೇಳಿ. ದಾವೆಯನ್ನು ನಡೆಸುವ ಹಿಡಿತ ನಿಮ್ಮ ಕೈಯಲ್ಲಿರಲಿ. ಫೀಚರ್ ಬದಲಿಸುವ, ಬದಲಿಸಲಾಗದಿದ್ದರೆ ಉಳಿದ ಅವಧಿಯ ಹಣ ಹಿಂತಿರುಗಿಸಿ ಕರಾರು ಮುಗಿಸುವ ಹಕ್ಕು ಬರೆಸಿಕೊಳ್ಳಿ. ಕ್ಲಿನಿಕ್ ಬೇರೆ ಸಾಫ್ಟ್‌ವೇರ್ ಜೊತೆ ನಿಮ್ಮದನ್ನು ಜೋಡಿಸಿದ್ದರಿಂದ ಆದ ಉಲ್ಲಂಘನೆ ನಿಮ್ಮ ಹೊಣೆ ಅಲ್ಲ ಎಂಬ ಸಾಲೂ ಬೇಕು. "ಯಾವುದೇ ಪೇಟೆಂಟ್ ಉಲ್ಲಂಘಿಸುವುದಿಲ್ಲ" ಎಂದು ಖಾತ್ರಿ ಕೊಡಬೇಡಿ. "ನಮ್ಮ ತಿಳಿವಳಿಕೆಯ ಮಟ್ಟಿಗೆ" ಎಂದೂ ನೀವು ಬರೆಯುವ ಹಾಗಿಲ್ಲ, ಒಂದು ಪೇಟೆಂಟ್ ಗೊತ್ತಿದೆಯಲ್ಲ. ಆ ಸಾಲಿನ ಪದಗಳನ್ನು ಲಿಖಿತ ಅಭಿಪ್ರಾಯ ಕೈಗೆ ಬಂದ ಮೇಲೆ ನಿರ್ಧರಿಸಿ.

---

ಟೋಕನ್_ಮಂಡ್ಯ

ಬಿಲ್ಡ್ ಬೇರೆ ಮಾಡ್ತೀವಿ, ಕರಾರನ್ನೂ ತಿದ್ದಿಸ್ತೀವಿ. ಒಂದೇ ಒಂದು ಉಳೀತು. ಅಮೆರಿಕದ ಬಿಲ್ಡಿನಲ್ಲಿ ಸರದಿ ಬದಲಿಸೋದು ತಾನಾಗೇ ಬೇಡ, ಸಾಫ್ಟ್‌ವೇರ್ ಸಲಹೆ ಕೊಟ್ಟು ರಿಸೆಪ್ಷನಿಸ್ಟ್ "ಸರಿ" ಒತ್ತಿದರೆ ಸಾಲದಾ?

---

ಕ್ಲೇಮ್_ಚಾರ್ಟ್

ಅದರ ಮೇಲೊಂದೇ ನಿಲ್ಲಬೇಡಿ. ಹೊಸ ಸ್ಥಾನ ಯಾವುದು ಅಂತ ಸಾಫ್ಟ್‌ವೇರೇ ಲೆಕ್ಕ ಹಾಕಿ, ಮನುಷ್ಯರು ಬರೀ "ಸರಿ" ಒತ್ತುವುದಾದರೆ ಅದು ಶಾಸ್ತ್ರಕ್ಕೆ ಮಾಡಿದ ಗುಂಡಿ ಅಂತ ಅವರು ಸಮಾನತೆಯ ವಾದ ಹೂಡುತ್ತಾರೆ. ಕಡತದಲ್ಲಿ "ತಾನಾಗಿಯೇ" ಆಮೇಲೆ ಸೇರಿದ್ದಾದರೆ ನೀವು ಗೆಲ್ಲಬಹುದು, ಮೊದಲಿನಿಂದಲೂ ಇದ್ದರೆ ಹೇಳಲು ಬರುವುದಿಲ್ಲ.

ಇದಕ್ಕಿಂತ (ಅ) ಮತ್ತು (ಆ)ಗಳನ್ನು ಬುಡದಿಂದಲೇ ಬಿಡುವುದು ಗಟ್ಟಿ. ಎಸ್ಸೆಮ್ಮೆಸ್‌ನಲ್ಲಿ "ಎಷ್ಟು ನಿಮಿಷದಲ್ಲಿ ಬರುತ್ತೀರಿ?" ಅಂತ ಕೇಳಿ 10, 20, 40 ಎಂಬ ಆಯ್ಕೆ ಕೊಡಿ. ರೋಗಿಯೇ ಉತ್ತರ ಕಳಿಸುತ್ತಾರೆ. ಸ್ಥಳದ ಮಾಹಿತಿ ನಿಮ್ಮ ಸರ್ವರಿಗೆ ಬರುವುದೇ ಇಲ್ಲ, ಸ್ಥಳದಿಂದ ಪ್ರಯಾಣದ ಸಮಯ ಲೆಕ್ಕ ಹಾಕುವ ಹಂತವೂ ಇಲ್ಲ. ಸರದಿ ಆಮೇಲೆ ತಾನಾಗಿಯೇ ಬದಲಾದರೂ ಕ್ಲೇಮ್ 1ರ ಎರಡು ಅಂಶಗಳು ಖಾಲಿ. ಫೋನ್ ನಂಬರಿನಿಂದ ಅಥವಾ ಐಪಿ ವಿಳಾಸದಿಂದ ಊರು ಊಹಿಸುವ ಯಾವುದೇ ಲೈಬ್ರರಿ ಆ ದಾರಿಯಲ್ಲಿ ಇರದಂತೆ ನೋಡಿಕೊಳ್ಳಿ. ಅನಾಲಿಟಿಕ್ಸ್ ಕಿಟ್‌ಗಳಲ್ಲಿ ಅದು ಗೊತ್ತಿಲ್ಲದೆ ಬಂದು ಕೂತಿರುತ್ತದೆ, ಆಗ (ಅ) ಮತ್ತೆ ತುಂಬಿತು ಅಂತ ವಾದ ಮಾಡಲು ಅವರಿಗೆ ಜಾಗ ಸಿಗುತ್ತದೆ. ಉಳಿದ ಎರಡು ಸ್ವತಂತ್ರ ಕ್ಲೇಮ್‌ಗಳಲ್ಲಿ "ಸ್ಥಳದ ಮಾಹಿತಿ" ಬದಲು "ಆಗಮನದ ಅಂದಾಜು" ಅನ್ನುವಂಥ ಅಗಲದ ಪದ ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ, ಆ ಪದಗಳನ್ನು ಇಲ್ಲಿ ಹಾಕಿ.